ಮೂರು ಚಿಪ್ಪು ಉಪ್ಪು

ನಾನು ಚಿಕ್ಕವಳಿದ್ದಾಗ ನನ್ನಷ್ಟು ಜಂಬದ ಹುಡುಗಿ ಇಡೀ ಅರಸೀಕೆರೆಯಲ್ಲಿ ಇನ್ನೊಬ್ಬಳಿರಲಿಲ್ಲ. ನಗಬೇಡಿ ಮಕ್ಕಳೇ, ಇದು ನಗುವ ಕಥೆಯಲ್ಲ. ಇಪ್ಪತ್ತಕ್ಕೇ ಮದುವೆಯಾಗಿ, ಕೂದಲು ನರೆಯುವ ಮೊದಲೇ ನಿಮಗೆ ಅಜ್ಜಿಯಾದವಳು ನಾನು. ಆದರೂ ಆ ದಿನ ನೆನಪಾದರೆ ಈಗಲೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಅಪ್ಪ ಹನ್ನೆರಡನೇ ವಯಸ್ಸಿಗೆ ಬೇಲೂರಿನ ಹೋಟೆಲೊಂದರಲ್ಲಿ ಲೋಟ ತೊಳೆಯಲು ಸೇರಿದವರು. ಯಾರೂ ಕೂರಿಸಿಕೊಂಡು ಅಡುಗೆ ಕಲಿಸಲಿಲ್ಲ, ನೋಡಿ ನೋಡಿಯೇ ಕಲಿತರು. ಆಮೇಲೆ ಹಳೇಬೀಡು, ಮಾಲೇಕಲ್ಲು, ಎಲ್ಲೆಲ್ಲೋ ಮದುವೆ ಅಡುಗೆ ಮಾಡಿ, ಎಂಬತ್ತರ ದಶಕದ ಶುರುವಿನಲ್ಲಿ ನಮ್ಮೂರ ರೈಲ್ವೆ ಸ್ಟೇಷನ್ ಹತ್ತಿರ ಸ್ವಂತ ಹೋಟೆಲ್ ಮಾಡಿದರು. ಹೆಂಗಸರು ಮಕ್ಕಳು ಕೂತು ಉಣ್ಣಲು ಬೇರೆ ಕೋಣೆ, ಅದಕ್ಕೆ ಹಸಿರು ಪರದೆ, ಮೇಲೆ ‘ಫ್ಯಾಮಿಲಿ ರೂಮ್’ ಅಂತ ಬೋರ್ಡು. ನನಗೋ ‘ಹೋಟೆಲಿನವನ ಮಗಳು’ ಅನ್ನಿಸಿಕೊಳ್ಳಲು ನಾಚಿಕೆ. ಇಂಗಿನ ವಾಸನೆ ಬಟ್ಟೆಗೆ ಹತ್ತೀತೆಂದು ಅಡುಗೆಮನೆಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಅಪ್ಪನದೊಂದು ನೇಮವಿತ್ತು. ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯ ರುಚಿ ನೋಡುವಂತಿಲ್ಲ. ಸಾವಿರ ಜನಕ್ಕೆ ಬೇಯಿಸಿದಾಗಲೂ ಒಂದು ತೊಟ್ಟನ್ನು ನಾಲಿಗೆಗೆ ಮುಟ್ಟಿಸಿದವರಲ್ಲ. ಎಲ್ಲ ಅಳತೆಯ ಮೇಲೆಯೇ. ‘ಅವರ ಅಳತೆ ತಪ್ಪೋದಿಲ್ಲ’ ಅಂತ ಊರು ಆಡಿಕೊಳ್ಳುತ್ತಿತ್ತು. ಓದು ಬರಹ ಬಾರದ ಅಪ್ಪನಿಗೆ ಆ ಮಾತೇ ದೊಡ್ಡ ಸರ್ಟಿಫಿಕೇಟು.

ಹೋಟೆಲ್ ಶುರುವಾದ ದಿನ ಬೇಕಾದವರಿಗೆಲ್ಲ ಎಲೆ ಊಟ ಇಟ್ಟುಕೊಂಡಿದ್ದರು. ಆ ಊಟ ಹೇಗಿರುತ್ತದೆ ಅನ್ನುವುದರ ಮೇಲೆ ಹೋಟೆಲಿನ ಹಣೆಬರಹ ನಿಂತಿತ್ತು. ಅಮ್ಮ ಹೋಳಿಗೆ ಬೇಯಿಸುತ್ತಿದ್ದಳು, ಅಕ್ಕ ಎಲೆ ಒರೆಸುತ್ತಿದ್ದಳು. ದೊಡ್ಡ ಹಂಡೆಯಲ್ಲಿ ಬೇಳೆಸಾರು ಕೊತಕೊತ ಕುದಿಯುತ್ತಿತ್ತು. ಪೂಜೆಗೆ ಹೊರಟ ಅಪ್ಪ ನನ್ನ ಕೈಗೆ ತೆಂಗಿನ ಚಿಪ್ಪು ಕೊಟ್ಟು, “ಮೂರು ಚಿಪ್ಪು ಉಪ್ಪು ಹಾಕ್ಬಿಡು ಕಂದ. ಮರೀಬೇಡ” ಅಂದರು.

ಅಷ್ಟರಲ್ಲಿ ಹೊರಗೆ ಜೀಪಿನ ಸದ್ದು. ನನ್ನ ಕ್ಲಾಸಿನ ಇಂಜಿನಿಯರ ಮಗಳು ಬಂದಿದ್ದಳು. ಚಿಪ್ಪು ಎಸೆದು, ಕೈ ತೊಳೆದು, ಜರಿ ಲಂಗ ಸರಿಮಾಡಿಕೊಂಡು ಓಡಿದೆ. ಅವಳ ಮುಂದೆ ಯಜಮಾನಿಯ ಹಾಗೆ ಮೆರೆದದ್ದೇ ಮೆರೆದದ್ದು! ಅಕ್ಕ ಬಂದು, “ಉಪ್ಪು ಹಾಕ್ದೇನೇ?” ಅಂದಳು. ಹಾಕಿದ್ದೆನೋ ಇಲ್ಲವೋ, ನೆನಪೇ ಆಗಲಿಲ್ಲ. ರುಚಿ ನೋಡುವಂತಿಲ್ಲ. ಕೇಳಿದರೆ ಬೈಸಿಕೊಳ್ಳಬೇಕು. ಒಳಗೆ ಹೋಗಿ ಗಬಗಬನೆ ಮೂರು ಚಿಪ್ಪು ಸುರಿದುಬಿಟ್ಟೆ.

ನೈವೇದ್ಯವಾಯಿತು, ಎಲೆಗೆ ಬಡಿಸಿದ್ದಾಯಿತು. ಮೊದಲ ತುತ್ತಿಗೇ ಕೊಬ್ಬರಿ ಮಂಡಿ ಸಾಹುಕಾರರು ಮುಖ ಕಿವುಚಿದರು.

“ಏನಪ್ಪಾ, ಸಾರಿಗೆ ಉಪ್ಪು ಹಾಕಿದ್ಯೋ, ಉಪ್ಪಿಗೆ ಸಾರು ಹಾಕಿದ್ಯೋ?”

ಸಾಲಿಗೆ ಸಾಲೇ ಗೊಳ್ಳೆಂದಿತು. ಇಂಜಿನಿಯರ ಮಗಳೂ ನಕ್ಕಳು. ಅಪ್ಪ ಅಡುಗೆಮನೆಗೆ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಎಷ್ಟು ಚಿಪ್ಪು ಹಾಕ್ದೆ ಮಗಾ?”

“ಮೂರೇ ಅಪ್ಪ.”

ಎರಡು ಸಲ ಸುರಿದಿದ್ದೇನೆ ಅಂತ ಅಷ್ಟು ಹೊತ್ತಿಗೆ ಗೊತ್ತಾಗಿತ್ತು, ಆದರೂ ಸುಳ್ಳು ಎಷ್ಟು ಸಲೀಸಾಗಿ ಬಂತು ನೋಡಿ! ಅಪ್ಪ ನನ್ನನ್ನು ನಂಬಿದರು. ಎದ್ದು ಹೋಗಿ ಎಲ್ಲರ ಮುಂದೆ ಕೈ ಮುಗಿದು, “ತಪ್ಪು ನಂದೇ ಕಣ್ರೀ. ಅಳತೆ ತಪ್ಪಿಬಿಟ್ಟೆ, ಹೊಟ್ಟೆಗೆ ಹಾಕ್ಕೊಳಿ” ಅಂದರು. ನಾನು ಬಾಗಿಲ ಸಂದಿಯಿಂದ ನೋಡುತ್ತಾ ನಿಂತಿದ್ದೆ. ಥೂ, ಎಂಥ ಮಗಳು!

ಜನ ಮತ್ತೆ ಬಂದರು, ಹೋಟೆಲೂ ಬೆಳೆಯಿತು. ಆದರೆ ಮಾರನೇ ದಿನದಿಂದ ಅಪ್ಪ ಸಾರನ್ನು ಅಂಗೈಗೆ ಬಿಟ್ಟುಕೊಂಡು ರುಚಿ ನೋಡತೊಡಗಿದರು. ನೋಡಿದ ಮೇಲೆ ದೇವರ ಪಟದ ಕಡೆ ತಿರುಗಿ ಕೆನ್ನೆ ಬಡಿದುಕೊಳ್ಳುತ್ತಿದ್ದರು. ಯಾಕಪ್ಪಾ ಅಂತ ಅಕ್ಕ ಕೇಳಿದರೆ, “ವಯಸ್ಸಾಯ್ತಲ್ಲವ್ವ, ನನ್ನ ಅಳತೆ ಮೇಲೆ ನಂಗೇ ನಂಬಿಕೆ ಇಲ್ಲ” ಅಂದರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ಈಗ ನಿಮ್ಮ ಕಾಲ. ಫೋನ್ ಒತ್ತಿದರೆ ಊಟ ಬಾಗಿಲಿಗೆ ಬರುತ್ತದೆ. ಉಪ್ಪು ಹೆಚ್ಚಾದರೆ, ಮಾಡಿದವರ ಮುಖ ಕೂಡ ನೋಡದೆ ಅದರಲ್ಲೇ ಬೈದು ಬರೆಯುತ್ತೀರಿ. ಅಂಥ ವೈಭೋಗ ಕಂಡು ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಮೊನ್ನೆ ನಿಮ್ಮಲ್ಲಿ ಚಿಕ್ಕವಳು ನನ್ನ ಕನ್ನಡಕದ ಮೇಲೆ ಕೂತು ಮುರಿದಳಲ್ಲ, ನಾನು ಹುಡುಕುವ ಮೊದಲೇ ಬಂದು, “ಅಜ್ಜಿ, ನಾನೇ ಮುರಿದಿದ್ದು” ಅಂದು ಆಡಲು ಓಡಿಹೋದಳು. ಅವಳ ಮೇಲೆ ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ಅಷ್ಟು ಪುಟ್ಟ ಮಾತು. ಅಪ್ಪ ಇನ್ನೂ ಹದಿನೆಂಟು ವರ್ಷ ಬದುಕಿದ್ದರು, ದಿನಾ ಕೆನ್ನೆ ಬಡಿದುಕೊಂಡರು, ಮದುವೆಯಾಗುವ ತನಕ ನಾನು ದಿನಾ ನೋಡಿದೆ, ಹೇಳಲಿಲ್ಲ.