ಕೌಂಟರಿನ ಹೆಣ್ಣುಮಕ್ಕಳಿಗೆ ಮಾತ್ರ

ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ನಾನು ಒಂಬತ್ತು ವರ್ಷದಿಂದ ಕೂಡುತ್ತಿದ್ದೇನೆ. ಚೀಟಿ ಮಾಡುವುದು, ಹೆಸರು ಕೂಗುವುದು, ಕಾದು ಬೇಸತ್ತವರ ಬೈಗುಳ ಕೇಳುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಪಕ್ಕದ ಕುರ್ಚಿಗೆ ತಾವರಗೇರಾ ಕಡೆಯ ಹುಡುಗಿಯೊಬ್ಬಳು ಬಂದಳು. ಮನೆಯಲ್ಲಿ ಕುರಿ ಸಾಕುತ್ತಾರೆ. ಬಯಲಿನಲ್ಲಿ ಕೂಗಿ ಮಾತಾಡಿ ಬೆಳೆದವಳ ದನಿ ರೋಗಿಗಳು ಕಾಯುವ ಹಾಲ್‌ನ ಕೊನೆಯ ಬೆಂಚಿಗೂ ಕೇಳುತ್ತಿತ್ತು.

ಒಂದು ಸೋಮವಾರ, ರೋಗಿಯ ಜೊತೆ ಬಂದಿದ್ದವನೊಬ್ಬ ಕೌಂಟರಿನ ಗಾಜಿಗೆ ಗುದ್ದಿದ. "ಏ ಹುಡುಗಿ, ಕೆಲಸಾ ಬರಂಗಿಲ್ಲಂದ್ರ ಕುರಿ ಕಾಯಾಕ ಹೋಗು!" ಎಂದ. ಅವಳ ಮನೆಯ ವಿಷಯ ಅವನಿಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಅಂದಿದ್ದ. ಅವಳು ಎದ್ದು ನಿಂತು ಅವನಿಗಿಂತ ಜೋರಾಗಿ ಬೈದಳು. ಹಾಲ್‌ನಲ್ಲಿದ್ದವರೆಲ್ಲ ಕೌಂಟರಿನತ್ತ ತಿರುಗಿದರು.

ಮೂರನೇ ದಿನ ನೋಟಿಸ್ ಬಂತು: ಮಹಿಳಾ ಸಿಬ್ಬಂದಿಗೆ ಎರಡು ದಿನ ಶಿಷ್ಟಾಚಾರ ತರಬೇತಿ, ಹಾಜರಿ ಕಡ್ಡಾಯ. ಹಿಂದಿನ ತಿಂಗಳು ನಮ್ಮ ಕಂಪೌಂಡರ್ ರೋಗಿಯ ಮಗನ ಕಾಲರ್ ಹಿಡಿದು ಹೊರಗೆ ನೂಕಿದ್ದ. ಅವನಿಗೆ ಯಾವ ನೋಟಿಸೂ ಬಂದಿರಲಿಲ್ಲ.

ಹುಬ್ಬಳ್ಳಿಯಿಂದ ತರಬೇತಿದಾರ್ತಿ ಬಂದರು. ನಡುವಯಸ್ಸಿನವರು, ಚುರುಕು ಮಾತು. ಮೊದಲ ದಿನ ಸೀರೆಯ ಪಿನ್ ಎಲ್ಲಿರಬೇಕು, ಹೇಗೆ ಕೂಡಬೇಕು, ತುಟಿ ಎಷ್ಟು ಅರಳಿಸಿ ನಗಬೇಕು ಎಂದೆಲ್ಲ ಹೇಳಿದರು. ಹಿಂದಿನ ಸಾಲಿನಲ್ಲಿ ಮ್ಯಾನೇಜರ್ ಕೂತಿದ್ದರು. ನನಗೆ ತಡೆಯಲಾಗಲಿಲ್ಲ.

"ಮೇಡಂ, ಕಂಪೌಂಡರ್‌ಗೆ, ಸೆಕ್ಯೂರಿಟಿಯವ್ರಿಗೆ ಯಾವಾಗ್ರಿ?"

ಉತ್ತರ ಕೊಟ್ಟದ್ದು ಮ್ಯಾನೇಜರ್. "ಗಂಡಸೂರಿಗೆ ಯಾತಕ್ಕ? ಕೌಂಟರ್ ಅಂದ್ರ ದವಾಖಾನಿ ಮುಖ ಇದ್ದಂಗ. ಅಲ್ಲಿ ಹೆಣ್ಣುಮಕ್ಕಳು ನಗನಗ್ತಾ ಇರಬೇಕು."

ಊಟದ ಹೊತ್ತಿನಲ್ಲಿ, ನಾಳೆ ನಾವು ಬರುವುದಿಲ್ಲ ಎಂದು ಅರ್ಜಿ ಬರೆದೆ. ಐದು ಜನ ಸಹಿ ಹಾಕಿದರು. ಆ ಹುಡುಗಿ ಪೆನ್ನು ಮುಟ್ಟಲಿಲ್ಲ.

"ನಾ ಸೈ ಮಾಡಂಗಿಲ್ಲಕ್ಕಾ."

"ಹುಚ್ಚಿ, ನಿನ್ನ ಸಲುವಾಗೇ ಬರದೀನಿ!"

"ನನಗ ಇದು ಬೇಕು. ಸಿಟ್ಟು ಬಂದ್ರ ಒದರೂದೊಂದ ಗೊತ್ತು ನನಗ. ನಿಮ್ಮಪ್ಪಾರು ಮಾಸ್ತರು. ನಾಕು ಮಂದ್ಯಾಗ ಹೆಂಗ ಮಾತಾಡಬೇಕಂತ ನಿಮಗ ಮನ್ಯಾಗ ಬಂದೈತಿ. ನನಗ ಯಾರು ಹೇಳಿಕೊಟ್ಟಾರ?"

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅರ್ಜಿಯನ್ನು ಮಡಚಿ ಬ್ಯಾಗಿನಲ್ಲಿಟ್ಟೆ.

ಎರಡನೇ ದಿನ ತರಬೇತಿದಾರ್ತಿಯೇ ಸಿಟ್ಟಿಗೆದ್ದ ಸಂಬಂಧಿಕನಂತೆ ನಟಿಸಿದರು. ದನಿ ಇಳಿಸುವುದು, ಎದುರಿನವರನ್ನು ಕೂಡಿಸುವುದು, ಆಮೇಲೆ ಮಾತು ಶುರು ಮಾಡುವುದು, ಇಷ್ಟನ್ನು ಮೊದಲೇ ಕಲಿಸಿದ್ದರು. ಹುಡುಗಿಯ ಸರದಿ ಬಂತು. ಅವರು ಟೇಬಲ್ ಗುದ್ದಿ ಕೂಗಾಡಿದರು. ಹುಡುಗಿಯ ದನಿ, ನಾನು ಎಂದೂ ಕೇಳದಷ್ಟು ಮೆಲ್ಲಗಿತ್ತು.

"ಕುಂದರ್ರಿ. ನಿಮ್ಮ ತ್ರಾಸು ನನಗ ತಿಳೀತೈತಿ. ಆದ್ರ ಹಿಂಗ ಬೈದ್ರ ನಾ ಕೆಲಸಾ ಮಾಡಂಗಿಲ್ಲ."

ಹಿಂದಿನಿಂದ ಮ್ಯಾನೇಜರ್, "ನಗು ಎಲ್ಲೈತಿ? ನಗಬೇಕು!" ಎಂದರು.

ಅವಳು ಅವರತ್ತ ತಿರುಗಿದಳು. "ಬೈಸ್ಕೊಂಡು ನಗೂದು ನನಗ ಆಗಂಗಿಲ್ರಿ ಸರ. ಉಳಿದದ್ದೆಲ್ಲಾ ಕಲೀತೀನಿ."

ಅವಳ ನೌಕರಿ ಹೋಯಿತು ಅಂದುಕೊಂಡೆ. ತರಬೇತಿದಾರ್ತಿ ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟರು.

"ಆಕಿ ಅಂದದ್ದು ಖರೇ ಐತ್ರಿ ಸರ. ನಗೂ ಪಾಠ ನಂದಲ್ಲ, ನೀವು ಹೇಳಿದ್ರಿ ಅಂತ ಸೇರಿಸಿದೆ. ಕಲಿಸೂದಿದ್ರ ಎಲ್ಲಾರನ್ನೂ ಕೂಡಿಸ್ರಿ."

ಮ್ಯಾನೇಜರ್ ಎದ್ದು ಹೊರಗೆ ಹೋದರು.

ಅಂದು ಮಧ್ಯಾಹ್ನವೇ ಹೊಸ ಅರ್ಜಿ ಬರೆದೆ. ಬರುವುದಿಲ್ಲ ಎಂದಲ್ಲ, ಈ ತರಬೇತಿ ಗಂಡಸರಿಗೂ ಬೇಕು ಎಂದು. ಮೊದಲ ಸಹಿ ಅವಳದು. ನಾವಿಬ್ಬರೂ ಹೋಗಿ ಆಸ್ಪತ್ರೆಯ ಒಡತಿ ಡಾಕ್ಟರ್ ಮೇಡಂ ಕೈಗೆ ಕೊಟ್ಟೆವು. ಅವರು ಓದಿ ಡ್ರಾಯರಿನಲ್ಲಿಟ್ಟರು.

ತಿಂಗಳು ಕಳೆದ ಮೇಲೆ ಗಂಡಸರಿಗೆ ಅರ್ಧ ದಿನದ ತರಬೇತಿ ಆಯಿತು. ಕಂಪೌಂಡರ್ ಕೈಕಟ್ಟಿ ಕೂತು, ಚಹಾ ಬಂದಾಗ ಎದ್ದುಹೋದ. ಸೆಕ್ಯೂರಿಟಿಯ ಹಿರಿಯರು ಮಾತ್ರ ಕೊನೆಯವರೆಗೂ ಇದ್ದು ಎರಡು ಪ್ರಶ್ನೆ ಕೇಳಿದರಂತೆ.

ಹುಡುಗಿಗೆ ಆ ದನಿ ಈಗ ರೂಢಿಯಾಗಿದೆ. ಕೆಲವರು ಅದನ್ನು ಕೇಳಿ ಕೂಡುತ್ತಾರೆ, ಕೆಲವರು ಇನ್ನಷ್ಟು ಕೂಗುತ್ತಾರೆ. ಆ ಎರಡು ದಿನ ನಮಗೆ ಅವಮಾನವೋ ಉಪಕಾರವೋ ಎಂದು ಕೇಳಿದರೆ, ಎರಡೂ ಹೌದು ಎನ್ನುತ್ತೇನೆ. ಅವಳು ಒಪ್ಪುವುದಿಲ್ಲ, ಕಲಿತದ್ದು ತನ್ನದು, ಅವಮಾನ ಮಾಡಿದವರದು, ಅದು ಅವರಿಗೇ ಇರಲಿ ಅನ್ನುತ್ತಾಳೆ.

ಮ್ಯಾನೇಜರ್ ಮಾತ್ರ ಮರೆತಿರಲಿಲ್ಲ. ಅವರು ಮಾಡುವ ಪಟ್ಟಿಯಲ್ಲಿ ಭಾನುವಾರದ ಡ್ಯೂಟಿ ಆರು ವಾರ ಬಿಡದೆ ಅವಳಿಗೇ ಬಿತ್ತು. ಏಳನೇ ವಾರ ಡ್ಯೂಟಿ ಪಟ್ಟಿ ಹಿಡಿದು ನಾನೇ ಡಾಕ್ಟರ್ ಮೇಡಂ ಕೋಣೆಗೆ ಹೋದೆ. ಆಮೇಲಿನ ಭಾನುವಾರ ಅವಳು ಊರಿಗೆ ಹೋಗಿ ಬಂದಳು.