ಅಪ್ಪ ತಂದ ಮೂಳೆ ಸಾರು

ಗುಂಡ್ಲುಪೇಟೆಯ ನಮ್ಮ ಈರುಳ್ಳಿ ಮಂಡಿಗೆ ಆ ಕಂದು ನಾಯಿಮರಿ ಹೇಗೆ ಬಂತೋ ಗೊತ್ತಿಲ್ಲ. ಕೇರಳದ ಲಾರಿಯಿಂದ ಇಳಿಯಿತು ಎನ್ನುತ್ತಿದ್ದರು. ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದಾಗ ಅಮ್ಮ ಹಾರಾಡಿದಳು. ಸಂಜೆಗೆ ಅವಳೇ ಹಾಲು ಬಿಸಿ ಮಾಡಿದಳು. ನಮ್ಮ ಮನೆಯ ಜಗಳವೆಲ್ಲ ಇಷ್ಟೇ. ಬೆಳಿಗ್ಗೆ ಪೂಜೆ ಮುಗಿಸಿ ಅಪ್ಪ ನಮ್ಮ ಹಣೆಗೆ ವಿಭೂತಿ ಹಚ್ಚುವಾಗ ಮರಿಯೂ ಬಂದು ಸಾಲಿನಲ್ಲಿ ಕೂರುತ್ತಿತ್ತು. ಅದಕ್ಕೂ ಮೂರು ಗೆರೆ ಬೀಳುತ್ತಿತ್ತು. ಆ ಬೆಳಗುಗಳನ್ನು ನೆನೆದರೆ ಈಗಲೂ ಜೀವ ತಂಪಾಗುತ್ತದೆ.

ವರ್ಷ ತುಂಬುವ ಮೊದಲೇ ಮರಿ ಸೊರಗಿತು. ಎಷ್ಟು ನೀರು ಕುಡಿದರೂ ದಾಹ, ಎಲ್ಲೆಂದರಲ್ಲಿ ಉಚ್ಚೆ, ಊಟ ಮಾತ್ರ ಮೂಸಿ ಬಿಡುವುದು.

“ನಿಮ್ ಮನೆ ಸೊಪ್ಪಿನ ಸಾರು ತಿಂದ್ಕಂಡು ನಾಯಿ ಎಂಗ್ ಬದುಕದು ಬುದ್ಧಿ? ಒಂದೀಟು ಮೂಳೆ ಸಾರು ಆಕಿ” ಎಂದ ಮಂಡಿಯ ಹಮಾಲಿ. ನಮಗೆಲ್ಲ ಅದೇ ನಿಜವೆನಿಸಿತು. ತಪ್ಪು ತನ್ನ ಅಡುಗೆಯದೇ ಎಂದು ಅಮ್ಮ ಅತ್ತೇಬಿಟ್ಟಳು.

ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಅಪ್ಪ ಹೆದ್ದಾರಿಯ ಮಿಲಿಟರಿ ಹೋಟೆಲಿಗೆ ಹೊರಟರು. ಹಣೆಯ ವಿಭೂತಿ ಒರೆಸಿ, ತಲೆಗೆ ಟವೆಲ್ ಸುತ್ತಿ, ಬೈಕ್ ದೂರ ನಿಲ್ಲಿಸಿ, ಕಳ್ಳನ ಹಾಗೆ ಡಬ್ಬಿಯಲ್ಲಿ ಸಾರು ತರುತ್ತಿದ್ದರು. ಹಿತ್ತಲಲ್ಲಿ ತಿನ್ನಿಸಿ, ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದರು. “ನಿಮ್ಮಪ್ಪಂಗೆ ಈಗ ಎರಡೊತ್ತೂ ಮಡಿ ಕಣಮ್ಮಿ” ಎಂದು ಅಮ್ಮ ನನ್ನತ್ತ ನೋಡಿ ನಗುತ್ತಿದ್ದಳು.

ಮರಿಗೆ ವಾಂತಿ ಶುರುವಾಯಿತು. ಚಾಮರಾಜನಗರಕ್ಕೆ ಕರೆದೊಯ್ದೆವು. ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ನೋಡಿದ ವೈದ್ಯೆ, ಅದರ ಕಿಡ್ನಿಗಳು ಹುಟ್ಟಿನಿಂದಲೇ ಸರಿಯಾಗಿ ಬೆಳೆದಿಲ್ಲ, ಗುಣವಾಗುವ ಕಾಯಿಲೆಯಲ್ಲ ಎಂದರು. ಉಪ್ಪು ಬೇಡ, ಮೂಳೆ ಸಾರಂತೂ ಬೇಡವೇ ಬೇಡ. ನೀರು ಬೇಕಾದಷ್ಟು ಕುಡಿಯಲಿ. ಅಪ್ಪನ ಮುಖ ನೋಡಲು ನನ್ನಿಂದಾಗಲಿಲ್ಲ.

ಆಮೇಲೆ ಮಾತ್ರೆ, ಉಪ್ಪಿಲ್ಲದ ಮೆತ್ತನೆ ಅನ್ನ. ಅಪ್ಪನೇ ತುತ್ತು ಮಾಡಿ ತಿನ್ನಿಸುತ್ತಿದ್ದರು. ಕೆಲವು ತಿಂಗಳು ಮರಿ ಮತ್ತೆ ವಿಭೂತಿಯ ಸಾಲಿಗೆ ಬಂದು ಕೂತಿತು. ಅಂಥ ಖುಷಿ ನಮ್ಮ ಮನೆಯಲ್ಲಿ ಆಮೇಲೆ ನಾನು ಕಂಡಿಲ್ಲ.

ಕೊನೆಗೆ ಅನ್ನವನ್ನೂ ಬಿಟ್ಟಿತು. “ಇನ್ನು ಪಥ್ಯ ಬೇಡ, ಅದಕ್ಕೆ ಇಷ್ಟವಾದದ್ದು ಕೊಡಿ” ಎಂದು ವೈದ್ಯೆ ಫೋನಿನಲ್ಲಿ ಹೇಳಿದಾಗ ಅಪ್ಪ ಆಗಷ್ಟೇ ಪೂಜೆಯಿಂದ ಎದ್ದಿದ್ದರು. ಡಬ್ಬಿ ಹಿಡಿದು ಹೊರಟರು.

“ಅಣೆ ಒರಸ್ಕಳಿ, ಸಂತೆ ದಿನ, ಜನ ನೋಡ್ತರೆ” ಎಂದಳು ಅಮ್ಮ.

“ನೋಡ್ಲಿ ಬುಡು.”

ಹೋಟೆಲಿನ ಬಾಗಿಲಲ್ಲೇ ಬೈಕ್ ನಿಲ್ಲಿಸಿದರು; ನಾನು ಹಿಂದೆ ಕೂತಿದ್ದೆ. ಗುರುತಿನವರು ನೋಡಿದರು, ಅಪ್ಪ ನಮಸ್ಕಾರ ಹೇಳಿದರು.

ಮರಿ ಅಪ್ಪನ ಅಂಗೈಯಿಂದ ಎರಡು ಸಲ ಸಾರು ನೆಕ್ಕಿ ಅವರ ತೊಡೆಯ ಮೇಲೆ ತಲೆಯಿಟ್ಟಿತು. ಅವರು ಸ್ನಾನಕ್ಕೆ ಏಳಲಿಲ್ಲ. ತಮ್ಮ ಹಣೆಯ ವಿಭೂತಿಯನ್ನು ಅದೇ ಕೈಯಲ್ಲಿ ತೆಗೆದು ಅದರ ಹಣೆಗೆ ಮೂರು ಗೆರೆ ಎಳೆದರು.