ಸಬ್ಬಸಗಿ ಹಚ್ಚಿದ ಮೀನು, ಬಿಳಿ ವೈನು

ಮೊನ್ನೆ ಜವಳಗೇರಾದಲ್ಲಿ ಬಸ್ಸು ನಿಂತಾಗ ಭತ್ತದ ಹೊಟ್ಟು ಸುಡುವ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿದ್ದ ಹೆಂಡತಿ ಸೆರಗನ್ನು ಮೂಗಿಗೆ ಹಿಡಿದಳು. ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ಇಬ್ಬರಿಗೂ ನೆನಪಾಗಿದ್ದರು...

ಕಾಕಾ ಲಿಂಗಸುಗೂರು ಕಡೆಯವರು. ಗೋವಾದ ಹೋಟೆಲಿನಲ್ಲಿ ಬಹಳ ವರ್ಷ ಅಡುಗೆ ಮಾಡಿ, ಹೆಂಡತಿ ತೀರಿದ ಮೇಲೆ ಒಬ್ಬರೇ ಇತ್ತ ಬಂದಿದ್ದರು. ಅಲ್ಲಿಂದ ತಂದ ಚಟ ಒಂದೇ: ಮನೆಯಲ್ಲೇ ಹೊಗೆಗಿಟ್ಟ ಮೀನು, ಅದರ ಜೊತೆ ಒಂದು ಗ್ಲಾಸು ವೈನು. ಕಾಲುವೆಯ ಕಾಟ್ಲಾ ಮೀನನ್ನು ಸೀಳಿ ಉಪ್ಪು, ಬೆಳ್ಳುಳ್ಳಿ, ಜಜ್ಜಿದ ಸಬ್ಬಸಗಿ ಸೊಪ್ಪು ಹಚ್ಚಿ ಅರ್ಧ ದಿನ ಇಡುವರು. ಆಮೇಲೆ ಹಳೆಯ ಎಣ್ಣೆ ಡಬ್ಬದ ತಳಕ್ಕೆ ಕೆಂಡ, ಕೆಂಡದ ಮೇಲೆ ಹೊಟ್ಟು, ನಾಲ್ಕು ನಿಂಬೆ ಎಲೆ. ಮೇಲೆ ತಂತಿಗೆ ಮೀನು. ಉರಿ ಏಳಬಾರದು, ಬರೀ ಹೊಗೆಯಾಡಬೇಕು. ಸಬ್ಬಸಗಿಯನ್ನು ಬೇಳೆಗೆ ಹಾಕುವುದಷ್ಟೇ ಗೊತ್ತಿದ್ದ ನನಗೆ ಆ ರುಚಿ ಹುಚ್ಚು ಹಿಡಿಸಿತು.

"ಕೆಂಪ ವೈನು ಕುರಿಗೆ, ಬಿಳೇದು ಮೀನಿಗೆ. ಅದಲು ಬದಲು ಮಾಡಿದ್ರ ಎರಡೂ ಸಿಟ್ಟಿಗೇಳ್ತಾವ ತಮ್ಮಾ" ಎನ್ನುತ್ತಿದ್ದರು.

ಮೊದಲು ಇದೆಲ್ಲ ಹಿತ್ತಲಲ್ಲೇ ನಡೆಯುತ್ತಿತ್ತು. ಹೊಗೆ ಮೇಲೆಯೇ ಇದ್ದ ಮನೆ ಮಾಲಕರ ಮಾಳಿಗೆಗೆ ಏರಿತು. ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆ ಅವರದು. "ಇನ್ನೊಂದ ಸಲ ಹೊಗಿ ಕಂಡ್ರ ಮನಿ ಖಾಲಿ ಮಾಡ್ರಿ" ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದರು. ಮೀನಿನ ದೆಸೆಯಿಂದ ಕಾಕಾ ಆಗಲೇ ಒಂದು ಮನೆ ಬಿಟ್ಟು ಬಂದವರು. ಮೀನಂತೂ ಬಿಡಲಿಲ್ಲ. ಡಬ್ಬವನ್ನು ಅಡುಗೆಮನೆಗೆ ತಂದು, ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಸಿ ಗೋಣಿಚೀಲ ತುರುಕಿದರು. ಹೊರಗೆ ಒಂದೆಳೆ ಹೊಗೆಯೂ ಕಾಣದು ಎಂದು ಅವರಿಗೆ ಭಾರೀ ಹೆಮ್ಮೆ.

ಅಲ್ಲಿಂದ ತಲೆನೋವು ಶುರುವಾಯಿತು. ಮೀನು ಇಟ್ಟ ದಿನವೆಲ್ಲ ತಲೆ ಸಿಡಿತ, ಹೊಟ್ಟೆ ತೊಳಸುವುದು. ಈ ವೈನೇ ಸರಿಯಿಲ್ಲ ಎಂದು ಬೇರೆ ಬಾಟಲಿ ತಂದರು. ಅದೂ ಸರಿಬರಲಿಲ್ಲ, ಮತ್ತೊಂದು ತಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಕಾಡಿಸುತ್ತಿದ್ದೆ.

ಒಂದು ಮಧ್ಯಾಹ್ನ ನನ್ನ ಹೆಂಡತಿ ರೊಟ್ಟಿ ಕೊಡಲು ಹೋದವಳು ಡಬ್ಬದ ಹತ್ತಿರ ಸ್ವಲ್ಪ ಹೊತ್ತು ಕೂತು ಬಂದಳು. ಬಂದವಳೇ ಗೋಡೆ ಹಿಡಿದು ನಿಂತಳು. "ತಲಿ ಒಡ್ಯಾಕತ್ತೈತಿ ರೀ" ಎಂದಳು. ಅವಳು ವೈನನ್ನು ನಾಲಗೆಗೆ ಸೋಕಿಸಿದವಳಲ್ಲ. ಓಡಿಹೋಗಿ ಅವರ ಕಿಟಕಿ ತೆಗೆದೆ.

"ಕಾಕಾ, ಇದು ವೈನಲ್ರೀ, ಹೊಗಿ. ಕೈ ಮುಗಿತೀನಿ, ಕಿಟಕಿ ತಗದು ಮಾಡ್ರಿ."

"ಉರಿ ಎಲ್ಲೈತಿ ಅದರಾಗ? ಹೊಟ್ಟು ಯಾರನ್ನ ಕೊಂದೈತಿ?" ಎಂದು ನಕ್ಕರು. ನಾನು ಈಚೆ ಬರುವಷ್ಟರಲ್ಲಿ ಕಿಟಕಿ ಮತ್ತೆ ಮುಚ್ಚಿತ್ತು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಅವರ ಮಗಳು ಮಸ್ಕಿಯಲ್ಲಿದ್ದಳು. ಅಪ್ಪ ಕುಡುಕ ಎಂದು ಮಾತು ಬಿಟ್ಟು ವರ್ಷಗಳಾಗಿದ್ದವು. ಅಂಥವಳು ಭಾನುವಾರ ಊಟಕ್ಕೆ ಬರುತ್ತೇನೆಂದು ಫೋನ್ ಮಾಡಿದಳು. ಕಾಕಾನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೊಡ್ಡ ಕಾಟ್ಲಾ ಬಂತು, ಒಂದರ ಬದಲು ಎರಡು ಡಬ್ಬ ಹಚ್ಚಿದರು. ಬೆಳಿಗ್ಗೆ ನಾನು ಬಾಗಿಲು ಬಡಿದಾಗ, "ಕಿಟಕಿ ತಗದೀನಿ, ನೀ ಹೋಗು" ಎಂದು ಒಳಗಿನಿಂದಲೇ ಕೂಗಿದರು.

ಮಧ್ಯಾಹ್ನ ಮಗಳು ಬಂದು ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ. ಮುರಿದು ಒಳಗೆ ಹೋದೆವು. ಕಿಟಕಿ ಮುಚ್ಚಿತ್ತು. ಕಾಕಾ ಗೋಡೆಗೆ ಒರಗಿ ಕೂತೇ ಇದ್ದರು... ಮೈ ತಣ್ಣಗಾಗಿತ್ತು. ಮೀನು ಹದವಾಗಿ ಹೊಂಬಣ್ಣಕ್ಕೆ ಬಂದಿತ್ತು. ವೈನಿನ ಬಾಟಲಿ ನೀರಿನ ಬಕೀಟಿನಲ್ಲಿತ್ತು, ಮುಚ್ಚಳ ತೆಗೆದಿರಲಿಲ್ಲ. ಮಗಳು ಅದನ್ನೇ ಎತ್ತಿಕೊಂಡು ನೋಡುತ್ತ ಕೂತಳು.

ಹೊಗೆಯಿಂದಲೇ ಜೀವ ಹೋಗಿದೆ ಎಂದು ಡಾಕ್ಟರು ಹೇಳಿದರು. ಓಣಿಯ ಜನ ಮಾತ್ರ ಈಗಲೂ ಕುಡಿದು ಸತ್ತ ಎನ್ನುತ್ತಾರೆ. ನಾನು ಜಗಳಕ್ಕೆ ನಿಲ್ಲುತ್ತೇನೆ, ಗೆದ್ದದ್ದಿಲ್ಲ. ಅಂಥ ಮನುಷ್ಯ ನಮಗೆ ಮತ್ತೆ ಸಿಗಲಿಲ್ಲ. ಮಗಳು ಆಗೀಗ ಮಸ್ಕಿಯಿಂದ ಫೋನ್ ಮಾಡುತ್ತಾಳೆ. ಮಳೆ ಬೆಳೆ, ಮಕ್ಕಳ ಸಾಲಿ ಎಲ್ಲ ಮಾತಾಡಿ, ಇಡುವ ಮೊದಲು ಅದನ್ನೇ ಕೇಳುತ್ತಾಳೆ:

"ಅಣ್ಣಾ, ಅವತ್ತ ಅಪ್ಪ ಕುಡದಿದ್ದಿಲ್ಲ, ಹೌದಲ್ಲ?"

"ಇಲ್ಲವ್ವಾ, ಕುಡದಿದ್ದಿಲ್ಲ. ನಿನ್ನ ದಾರಿ ಕಾಯಾಕತ್ತಿದ್ರು."